ತೂಕ ನೋಡಿ ತಂದ ಸ್ಪೀಕರ್

ನಮ್ಮ ಮನೆಯಲ್ಲಿ ಯಾರೂ ಮೆಲ್ಲಗೆ ಮಾತಾಡುತ್ತಿರಲಿಲ್ಲ. ಉಪ್ಪು ಬೇಕೆಂದರೂ ಕೂಗಬೇಕು, ಬಚ್ಚಲಲ್ಲಿ ನೀರು ಕಾದಿದೆ ಎನ್ನಲೂ ಕೂಗಬೇಕು. ಹೊಸದುರ್ಗದ ನಮ್ಮ ಓಣಿಗೆ ಹೊಸದಾಗಿ ಬಾಡಿಗೆಗೆ ಬಂದವರು ಮೊದಲ ವಾರ ನಮ್ಮಲ್ಲಿ ಬೆಳಗಾದರೆ ಜಗಳ ಎಂದುಕೊಳ್ಳುತ್ತಿದ್ದರು. ಎರಡನೆಯ ವಾರ ಬಿಡಿಸಲೆಂದು ಬಂದು, ಅಮ್ಮ ಅಪ್ಪನಿಗೆ ಇನ್ನೊಂದು ಮುದ್ದೆ ಬೇಕೇ ಎಂದು ಕೇಳುತ್ತಿದ್ದಾಳಷ್ಟೇ ಎಂದು ತಿಳಿದು, ಬಂದ ತಪ್ಪಿಗೆ ಮಜ್ಜಿಗೆ ಕುಡಿದು ಹೋಗುತ್ತಿದ್ದರು. ಮಾತು ಬೆಳ್ಳಿ, ಮೌನ ಬಂಗಾರ ಎಂದು ನಮ್ಮ ಶಾಲೆಯ ಗೋಡೆಯ ಮೇಲೆ ಬರೆದಿತ್ತು. ನಮ್ಮ ಮನೆಯಲ್ಲಿ ಬೆಳ್ಳಿಗೆ ಬರವಿರಲಿಲ್ಲ, ಬಂಗಾರದ ಮುಖ ನಾನು ಕಂಡದ್ದೇ ಇಲ್ಲ. ಈಗ ನಲವತ್ತರ ಹತ್ತಿರ ಬಂದಿದ್ದೇನೆ. ಚಿತ್ರದುರ್ಗದ ನ್ಯಾಯಾಲಯದಲ್ಲಿ ಸಾಕ್ಷಿಗಳು ಹೇಳುವುದನ್ನು ಕೇಳಿ ಟೈಪು ಮಾಡುವುದು ನನ್ನ ಕೆಲಸ. ಸಂಜೆ ಮನೆಗೆ ಬಂದರೆ ಫ್ಯಾನಿನ ಸದ್ದೂ ಬೇಡವೆನಿಸುತ್ತದೆ. ಆದರೆ ಈ ದಣಿವು ಕಚೇರಿಯದ್ದಲ್ಲ, ಅದಕ್ಕಿಂತ ಹಳೆಯದು. ಶುರುವಾದ ದಿನ ಯಾವುದೆಂದೂ ನನಗೆ ಗೊತ್ತು. ಆ ದಿನ ನಾನೂ ಅಪ್ಪನೂ ಕಂಪ್ಯೂಟರಿಗೆ ಸ್ಪೀಕರ್ ತರಲು ಹೋಗಿದ್ದೆವು.

ಅಪ್ಪನದು ಮೈಕ್ ಸೆಟ್ಟಿನ ಕೆಲಸ. ಮದುವೆ, ಗೃಹಪ್ರವೇಶ, ಶಾಲೆಯ ಕಾರ್ಯಕ್ರಮ, ಸತ್ತವರ ಮನೆಯ ಭಜನೆ, ಏನೇ ಇರಲಿ, ಹೊಸದುರ್ಗದಿಂದ ಹೊಳಲ್ಕೆರೆಯ ಬಿ.ದುರ್ಗದವರೆಗೆ ಅಪ್ಪನ ತಗಡಿನ ಹಾರ್ನುಗಳು ಮರಕ್ಕೆ ಕಟ್ಟಿಸಿಕೊಂಡು ಕೂಗುತ್ತಿದ್ದವು. ಊರವರು ಅವನನ್ನು ಮೈಕ್ ತಿಪ್ಪೇಸ್ವಾಮಿ ಎನ್ನುತ್ತಿದ್ದರು. ಕೆಲಸವಿಲ್ಲದ ದಿನ ಆ ಸಾಮಾನೆಲ್ಲ ನಮ್ಮ ನಡುಮನೆಯಲ್ಲೇ ಬಿದ್ದಿರುತ್ತಿತ್ತು. ಬೇರೆಯವರ ಮನೆಯಲ್ಲಿ ಗೂಟಕ್ಕೆ ಅಂಗಿ ನೇತಾಡಿದರೆ ನಮ್ಮಲ್ಲಿ ವೈರಿನ ಸಿಂಬೆಗಳು ನೇತಾಡುತ್ತಿದ್ದವು. ಬಾಯಿ ಮೇಲೆ ಮಾಡಿಟ್ಟ ಹಾರ್ನುಗಳೊಳಗೆ ಅಮ್ಮ ಈರುಳ್ಳಿ, ಬೆಳ್ಳುಳ್ಳಿ ಇಡುತ್ತಿದ್ದಳು. ಮದುವೆಯ ದಿನ ಅಪ್ಪ ಹಾರ್ನು ಎತ್ತಿಕೊಂಡರೆ ನೆಲದ ಮೇಲೆ ಈರುಳ್ಳಿ ಉರುಳಾಡುತ್ತಿದ್ದವು, ಅಲ್ಲಿಂದ ಒಂದು ಸುತ್ತು ಕೂಗಾಟ. ದೊಡ್ಡ ಸ್ಪೀಕರ್ ಡಬ್ಬವೊಂದನ್ನು ಅಡ್ಡ ಮಲಗಿಸಿದರೆ ಅದೇ ನಾನು ಓದುವ ಮೇಜು. ಆಂಪ್ಲಿಫೈಯರ್ ಇರುತ್ತಿದ್ದುದು ದೇವರ ಗೂಡಿನ ಕೆಳಗೆ. ಶುಕ್ರವಾರ ಅಮ್ಮ ದೇವರಿಗೆ ಕುಂಕುಮ ಇಟ್ಟ ಬೆರಳಲ್ಲೇ ಅದಕ್ಕೂ ಒಂದು ಬೊಟ್ಟು ಇಡುತ್ತಿದ್ದಳು. ಲಗ್ನದ ಕಾಲದಲ್ಲಿ ನಮ್ಮ ಮನೆಯಲ್ಲಿ ಒಲೆ ಹೊತ್ತಿಸುವುದೇ ಕಡಿಮೆ. ಅಪ್ಪ ಕ್ಯಾರಿಯರಿನಲ್ಲಿ ಮದುವೆ ಊಟ ಕಟ್ಟಿಸಿಕೊಂಡು ಬರುತ್ತಿದ್ದ. ಗುರುತಿಲ್ಲದವರ ಬೂಂದಿ, ಪಾಯಸ, ಕೋಸಂಬರಿ ತಿಂದು ನಾನು ಬೆಳೆದೆ. ಆಷಾಢ ಬಂದರೆ ಮುದ್ದೆ, ಹುರುಳಿ ಸಾರು. ನಿಜ ಹೇಳುವುದಾದರೆ ನನಗೆ ಆಷಾಢವೇ ಹಿತವಾಗಿತ್ತು.

ಒಂಬತ್ತನೆಯ ವಯಸ್ಸಿಗೆ ನಾನು ಅಪ್ಪನ ಕೆಲಸಕ್ಕೆ ಸೇರಿದೆ. ಹಾಲುರಾಮೇಶ್ವರದಲ್ಲಿ ಯಾರದೋ ಮದುವೆ. ಮೈಕ್ ಕಟ್ಟಿದವನು ಆಂಪ್ಲಿಫೈಯರ್ ಪಕ್ಕದಲ್ಲೇ ಕೂತಿರಬೇಕು, ಪೆಂಡಾಲಿನ ಕೊನೆಯಲ್ಲಿ ಮಾತು ಹೇಗೆ ಕೇಳುತ್ತಿದೆ ಎನ್ನುವುದು ಅವನಿಗೆ ತಿಳಿಯುವುದಿಲ್ಲ. ಎಲ್ಲ ಮೈಕಿನವರೂ ಒಬ್ಬರನ್ನು ಹಿಂದೆ ನಿಲ್ಲಿಸಿಕೊಂಡಿರುತ್ತಾರೆ. ಅಂದು ಅಪ್ಪ ನನ್ನನ್ನು ಕರೆದ.

“ಪುಟ್ಟಿ, ಹಿಂದ್ಗಡೆ ಹೋಗಿ ನಿಂತ್ಕ. ಮಾತು ಚೆನ್ನಾಗಿ ತಿಳಿದ್ರೆ ಬಲಗೈ ಎತ್ತು. ತಿಳಿಲಿಲ್ಲಾಂದ್ರೆ ಎಡಗೈ. ಮೈಕು ಕುಯ್ಯೋ ಅಂದ್ರೆ ಎರಡೂ ಕೈ ಕಿವಿ ಮೇಲೆ ಇಟ್ಕ, ಗೊತ್ತಾಯ್ತಾ?”

ನಾನು ಹೆಮ್ಮೆಯಿಂದ ಹೋಗಿ ಅಡುಗೆಯವರ ಒಲೆಗಳ ಹತ್ತಿರ ನಿಂತೆ. ಅಪ್ಪ ‘ಹಲೋ ಹಲೋ’ ಎಂದ, ನಾನು ಎಡಗೈ ಎತ್ತಿದೆ. ಅವನು ಒಂದು ಗುಂಡಿ ತಿರುಗಿಸಿದ, ನಾನು ಬಲಗೈ ಎತ್ತಿದೆ. ಅಷ್ಟು ಜನರ ನಡುವೆ ಅಪ್ಪ ನನ್ನ ಕೈಯೊಂದನ್ನೇ ನೋಡುತ್ತಿದ್ದ. ಅಲ್ಲಿಂದ ಮುಂದೆ ರಜೆಯ ದಿನದ ಮದುವೆಗಳೆಲ್ಲ ನನ್ನವು. ಗೆಳತಿಯರು ಕುಂಟೆಬಿಲ್ಲೆ ಆಡುವಾಗ ನಾನು ಪೆಂಡಾಲಿನ ಕೊನೆಯಲ್ಲಿ ನಿಂತು ಪುರೋಹಿತರ ಮಂತ್ರ ಸ್ಪಷ್ಟವಾಗಿದೆಯೇ ಎಂದು ತೂಗುತ್ತಿದ್ದೆ. ಕೇಳಿದ್ದು ಹಿಡಿಸಿತೋ ಇಲ್ಲವೋ ಎಂದು ನನ್ನನ್ನು ಯಾರೂ ಕೇಳುತ್ತಿರಲಿಲ್ಲ. ತಿಳಿಯಿತೋ ಇಲ್ಲವೋ, ಅಷ್ಟೇ. ಹಾಗೆ ಅಭ್ಯಾಸವಾಗಿ ನಾನೂ ಅದನ್ನು ಕೇಳಿಕೊಳ್ಳುವುದು ಬಿಟ್ಟೆ.

ನಾನು ಏಳನೆಯ ತರಗತಿಯಲ್ಲಿದ್ದಾಗ ಮನೆಗೆ ಕಂಪ್ಯೂಟರ್ ಬಂತು. ಬಸ್ ಸ್ಟ್ಯಾಂಡ್ ಹತ್ತಿರ ಟೈಪಿಂಗ್ ಕಲಿಸುತ್ತಿದ್ದವರು ಅಂಗಡಿ ಮುಚ್ಚಿದರು. ಅಪ್ಪ ಅವರ ಮಗಳ ಮದುವೆಗೆ ಮೈಕ್ ಕಟ್ಟಿದ್ದಕ್ಕೆ ಬದಲಾಗಿ ಒಂದು ಹಳೆಯ ಕಂಪ್ಯೂಟರ್ ಎತ್ತಿಕೊಂಡು ಬಂದ. ಅಣ್ಣ ಮಂಜು ಆಗ ಪಿಯುಸಿ ಮೊದಲ ವರ್ಷ. ಅವನು ಮೂರು ದಿನ ಊಟ ಮಾಡಿದ್ದೂ ಅದರ ಮುಂದೆಯೇ. ಅಮ್ಮ ಅದಕ್ಕೆ ಕುಂಕುಮ ಇಟ್ಟಳು, ಹಾರ್ನಿನಿಂದ ಈರುಳ್ಳಿ ತೆಗೆದು ಜಾಗ ಮಾಡಿಕೊಟ್ಟಳು. ಎಲ್ಲ ಸರಿ, ಕಂಪ್ಯೂಟರಿಗೆ ಸ್ಪೀಕರ್ ಇರಲಿಲ್ಲ. ಮನೆ ತುಂಬ ಸ್ಪೀಕರು, ಕಂಪ್ಯೂಟರ್ ಮಾತ್ರ ಮೂಗ. ಅಪ್ಪ ಸುಮ್ಮನಿರುವವನಲ್ಲ. ಅಷ್ಟುದ್ದದ ವೈರು ಎಳೆದು ತನ್ನ ಆಂಪ್ಲಿಫೈಯರಿಗೆ ಸೇರಿಸಿ ಒಂದು ಹಾರ್ನು ಕೊಟ್ಟ. ಮಂಜಣ್ಣ ಕಾರಿನ ಆಟವೊಂದನ್ನು ಹಚ್ಚಿದ. ಕಾರು ಗೋಡೆಗೆ ಗುದ್ದಿದ ಸದ್ದಿಗೆ ಓಣಿಯ ನಾಯಿಗಳೆಲ್ಲ ಎದ್ದು ಓಡಿದವು, ಎದುರು ಮನೆಯ ಅಜ್ಜಿ ಸಿಲಿಂಡರ್ ಸಿಡಿಯಿತೆಂದು ಹೊರಗೆ ಬಂದಳು. ಕಂಪ್ಯೂಟರಿಗೆ ಕಂಪ್ಯೂಟರಿನದೇ ಸ್ಪೀಕರ್ ಬೇಕು ಎಂದು ಅಂದು ತೀರ್ಮಾನವಾಯಿತು.

ಎಂಥದ್ದು ಬೇಕು ಎನ್ನುವುದು ಮಾತ್ರ ಹದಿನೈದು ದಿನವಾದರೂ ತೀರ್ಮಾನವಾಗಲಿಲ್ಲ. ಊಟಕ್ಕೆ ಕೂತರೆ ಅದೇ ಮಾತು. ಅಣ್ಣನಿಗೆ ಆಟಕ್ಕೆ ಬೇಕು, ಗುಂಡು ಹಾರಿದರೆ ಎದೆಗೆ ಬಡಿಯಬೇಕು. ಅಪ್ಪನಿಗೆ ಸಿಡಿ ಹಾಕಿಕೊಂಡು ಸಿನಿಮಾ ನೋಡುವುದಕ್ಕೆ. ಅಮ್ಮನ ಬೇಡಿಕೆ ಎಲ್ಲಕ್ಕಿಂತ ಸಣ್ಣದು. ಅವಳು ಹಿರಿಯೂರು ಕಡೆಯ ಹರಿಯಬ್ಬೆಯವಳು, ಹಾಡು ಎಂದರೆ ಕೈಯಲ್ಲಿದ್ದ ಸೌಟು ನಿಲ್ಲುತ್ತಿತ್ತು.

“ನಂಗೆ ಹಾಡಿನಾಗಿನ ಮಾತು ತಿಳಿದ್ರೆ ಸಾಕು. ಬರೀ ಡೊಳ್ಳು ಬಡಿಯೋದು ನಂಗೆ ಬ್ಯಾಡ” ಎಂದಳು.

ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಸ್ಪೀಕರೇ ಬೇಡ ಎನ್ನುತ್ತಿದ್ದೆನೇನೋ. ಜೇಬಿನಲ್ಲಿ ಇದ್ದುದು ಒಂದು ಮದುವೆಯ ಬಾಡಿಗೆ, ಅದರೊಳಗೇ ಮುಗಿಯಬೇಕು. ಒಂದು ಶನಿವಾರ ಮಧ್ಯಾಹ್ನ ಚಿತ್ರದುರ್ಗಕ್ಕೆ ಹೋಗುವುದೆಂದಾಯಿತು. ಅಂದು ಅಣ್ಣನಿಗೆ ಪರೀಕ್ಷೆ. ಅವನು ಕಾಲೇಜಿನ ಗೆಳೆಯರನ್ನೆಲ್ಲ ವಿಚಾರಿಸಿ, ಒಂದು ಚೀಟಿಯಲ್ಲಿ ಸ್ಪೀಕರಿನ ಹೆಸರು, ನಂಬರು ಬರೆದು ನನ್ನ ಕೈಯಲ್ಲಿಟ್ಟು ಬೆರಳು ಮಡಿಸಿದ.

“ಅಪ್ಪಾಜಿ ಏನಾರ ಹೇಳ್ಲಿ, ನೀನು ಇದನ್ನೇ ಕೊಡ್ಸು. ಅವ್ರು ನಿನ್ನ ಮಾತು ಕೇಳ್ತಾರೆ.”

ಬಸ್ಸಿನಲ್ಲಿ ಅಪ್ಪ ದಾರಿಯುದ್ದಕ್ಕೂ ಸ್ಪೀಕರ್ ಪಾಠ ಮಾಡಿದ. ಪೆಟ್ಟಿಗೆಯ ಮೇಲೆ ಬರೆದದ್ದನ್ನು ನಂಬಬಾರದು. ಒಳಗಿನ ಅಯಸ್ಕಾಂತ ದಪ್ಪವಿದ್ದರೆ ಸ್ಪೀಕರ್ ಗಟ್ಟಿ, ಅಯಸ್ಕಾಂತ ದಪ್ಪವಿದೆ ಎಂದರೆ ತೂಕ ಇರುತ್ತದೆ. ಆದ್ದರಿಂದ ಕೈಯಲ್ಲಿ ಎತ್ತಿ ನೋಡಿದರೆ ಅರ್ಧ ತಿಳಿಯಿತು, ಹಾಡುವಾಗ ಅಂಗೈ ಇಟ್ಟು ನೋಡಿದರೆ ಉಳಿದರ್ಧ. ಮೈಕಿನವರು ಹಿಂದಿನಿಂದಲೂ ಹಾಗೇ ಆರಿಸುವುದು. ಅವನು ಅಷ್ಟು ಗಟ್ಟಿಯಾಗಿ ಹೇಳುತ್ತಿದ್ದನಲ್ಲ, ಮುಂದಿನ ಸೀಟಿನವರು ಎರಡು ಸಲ ತಿರುಗಿ ನೋಡಿದರು. ನಾನು ಎಂದಿನಂತೆ ನಾಚಿಕೊಂಡೆ.

ಅಂಗಡಿ ಒಂದು ಕಾಂಪ್ಲೆಕ್ಸಿನ ಮಹಡಿಯ ಮೇಲಿತ್ತು. ಗೋಡೆಯುದ್ದಕ್ಕೂ ಪೆಟ್ಟಿಗೆಗಳು. ಅಂಗಡಿಯಾತ ಕನ್ನಡಕ ಹಾಕಿದ, ಸಮಾಧಾನದ ಮನುಷ್ಯ. ಮೂರು ಬಗೆಯವನ್ನು ಮೇಜಿನ ಮೇಲೆ ಇಟ್ಟ. ಒಂದು, ಎರಡೇ ಸಣ್ಣ ಡಬ್ಬಗಳ ಜೋಡಿ. ಇನ್ನೊಂದು, ಅಣ್ಣನ ಚೀಟಿಯಲ್ಲಿದ್ದದ್ದು, ಕಾಲ ಬಳಿ ಇಡುವ, ದಪ್ಪ ಸದ್ದಿನ ಒಂದು ವೂಫರು ಡಬ್ಬ ಮತ್ತು ಎರಡು ಸಣ್ಣವು. ಮೂರನೆಯದೂ ಅದೇ ಬಗೆಯದು, ಆದರೆ ಹೆಸರೇ ಕೇಳಿರದ ಕಂಪನಿಯದು. ನೋಡಲು ಎಲ್ಲಕ್ಕಿಂತ ದೊಡ್ಡದು, ಮುಂದೆ ನೀಲಿ ದೀಪ, ಪೆಟ್ಟಿಗೆಯ ಮೇಲೆ ಸಾವಿರದ ಇನ್ನೂರು ವ್ಯಾಟ್ ಎಂದು ಬರೆದಿತ್ತು. ಅಪ್ಪ ಅದನ್ನು ಓದಿ ನಕ್ಕ.

“ಇನ್ನೂರೈವತ್ತು ವ್ಯಾಟಿನಾಗೆ ನಾನು ಸಾವ್ರ ಜನದ ಮದ್ವೆ ಮಾಡ್ಸೀನಿ. ಈ ತಿಂಡಿ ಡಬ್ಬಿ ಸಾವ್ರದಿನ್ನೂರಾ? ಯಾರಿಗಪ್ಪ ಹೇಳ್ತೀರಿ?”

ಅಂಗಡಿಯಾತನೂ ನಕ್ಕ. ಅವನಿಗೆ ಅಪ್ಪನ ಮೇಲೆ ಗೌರವ ಬಂದದ್ದು ಕಾಣಿಸಿತು. “ನೀವು ತಿಳಿದೋರು, ನೀವೇ ಕೇಳಿ ನೋಡ್ರಿ ಸಾರ್” ಎಂದು ಕುರ್ಚಿ ಎಳೆದುಕೊಟ್ಟ. ಅಪ್ಪ ಕೂತ. ನಾನು ಯಾರೂ ಹೇಳದಿದ್ದರೂ ಬಾಗಿಲ ಬಳಿ, ಅಂಗಡಿಯ ಕೊನೆಯಲ್ಲಿ ಹೋಗಿ ನಿಂತೆ. ಮೊದಲು ಸಣ್ಣ ಜೋಡಿ. ಅಂಗಡಿಯಾತ ಹಾಡು ಹಾಕಿದ. ಆ ಹಾಡು ಕೊಳಲಿನಿಂದ ಶುರುವಾಗುತ್ತದೆ, ಕೊಳಲು ಬಿಟ್ಟು ಬೇರೇನೂ ಇಲ್ಲ. ಆವರೆಗೆ ನಾನು ಕೊಳಲನ್ನು ಹಾರ್ನಿನಲ್ಲಿ ಮಾತ್ರ ಕೇಳಿದ್ದೆ. ನುಡಿಸುವವನು ಉಸಿರು ಎಳೆದುಕೊಳ್ಳುವುದೂ ಕೇಳಿಸಿತು. ನನ್ನ ಬಲಗೈ ತಾನಾಗಿಯೇ ಎದ್ದಿತು. ಅಪ್ಪ ಡಬ್ಬದ ಮೇಲೆ ಅಂಗೈ ಇಟ್ಟು, ಅಂಗಡಿಯಾತನ ಮುಖ ನೋಡಿದ.

“ಹಾಕಪ್ಪ. ಯಾಕೆ ಸುಮ್ಕೆ ನಿಂತಿದೀಯ?”

ಕೊಳಲು ಹಾಡುತ್ತಲೇ ಇತ್ತು. ಅಂಗಡಿಯಾತ ಅಪ್ಪನನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ‘ಹಾಕಿದೀನಲ್ಲ’ ಎನ್ನಲು ಅವನ ಬಾಯಿ ತೆರೆದಿತ್ತು. ನಾನು ಬೇಡವೆಂದು ತಲೆಯಾಡಿಸಿದೆ. ಯಾಕೆ ಆಡಿಸಿದೆನೋ ಆ ಕ್ಷಣಕ್ಕೆ ನನಗೂ ಗೊತ್ತಿರಲಿಲ್ಲ. ಆಮೇಲೆ ಒಂದೊಂದೇ ನೆನಪಾಗತೊಡಗಿತು. ಅಮ್ಮ ಮಾತಾಡುವ ಮುಂಚೆ ಯಾವಾಗಲೂ ಅಪ್ಪನ ಭುಜ ಮುಟ್ಟುತ್ತಾಳೆ. ಕುಕ್ಕರ್ ಎಷ್ಟು ಕೂಗಿದರೂ ಅಪ್ಪ ತಲೆ ಎತ್ತುವುದಿಲ್ಲ. ಮನೆಯಲ್ಲಿ ಎಲ್ಲರೂ ಕೂಗುವುದು ಮೈಕಿನವರ ಮನೆಯ ಚಾಳಿ ಎಂದುಕೊಂಡಿದ್ದೆ, ಅದು ಚಾಳಿಯಲ್ಲ. ಮೂರು ವರ್ಷದಿಂದ ನಾನು ಪೆಂಡಾಲಿನ ಹಿಂದೆ ನಿಲ್ಲುತ್ತಿದ್ದುದು ಮಗಳ ಮೇಲಿನ ಪ್ರೀತಿಯಿಂದಲೂ ಅಲ್ಲ, ಪದ್ಧತಿ ಎಂದೂ ಅಲ್ಲ. ಆಂಪ್ಲಿಫೈಯರಿನ ಪಕ್ಕ ಕೂತವನಿಗೆ ಅಲ್ಲಿನದೂ ಸರಿಯಾಗಿ ಕೇಳುತ್ತಿರಲಿಲ್ಲ. ಹಾರ್ನುಗಳ ನಡುವೆ ಇಪ್ಪತ್ತು ವರ್ಷ ಕೂತು ಅಪ್ಪನ ಕಿವಿ ಹೋಗಿತ್ತು. ಇದು ಹೊರಗೆ ಗೊತ್ತಾದರೆ ಮೈಕ್ ತಿಪ್ಪೇಸ್ವಾಮಿಯನ್ನು ಯಾರು ಮದುವೆಗೆ ಕರೆಯುತ್ತಾರೆ?

“ವಾಲ್ಯೂಮ್ ಕಮ್ಮಿ ಐತೆ ಅಪ್ಪಾಜಿ” ಎಂದು ಕೂಗಿದೆ. ನಾನು ಅಪ್ಪನಿಗೆ ಹೇಳಿದ ಮೊದಲ ಸುಳ್ಳು ಅದು.

“ಹಂಗನ್ನು. ಇದ್ರಾಗೆ ದಮ್ಮಿಲ್ಲ ಬಿಡು” ಎಂದು ಅಪ್ಪ ಅದನ್ನು ಪಕ್ಕಕ್ಕೆ ಸರಿಸಿದ.

ಅಣ್ಣನ ಚೀಟಿಯದನ್ನೂ ಎತ್ತಿ ನೋಡಿದ, ಹಗುರ ಎಂದ. ಮೂರನೆಯದನ್ನು ಎತ್ತಿದ ಕೂಡಲೇ ಅವನ ಮುಖ ಅರಳಿತು. ಕುಂಬಳಕಾಯಿ ನೋಡುವ ಹಾಗೆ ಎರಡೂ ಕೈಯಲ್ಲಿ ತೂಗಿ ತೂಗಿ ನೋಡಿದ. ವಾಲ್ಯೂಮು ಪೂರ್ತಿ ತಿರುಗಿಸಿ ಅಂಗೈ ಇಟ್ಟ. ಡಬ್ಬ ಗಡಗಡ ನಡುಗಿತು, ಮೇಜಿನ ಮೇಲಿದ್ದ ಪೆನ್ನು ಉರುಳಿ ಕೆಳಗೆ ಬಿತ್ತು. ಹಾಡುವವಳ ದನಿ ಎಲ್ಲಿ ಹೋಯಿತೋ ಆ ದೇವರೇ ಬಲ್ಲ. ಅಂಗಡಿಯಾತ ಮೆಲ್ಲನೆ, “ಸಾರ್, ಇದಕ್ಕಿಂತ ಅದು ಬಾಳ ಕ್ಲಿಯರ್ ಐತೆ” ಎಂದ. ಅಪ್ಪನಿಗೆ ಅದು ಕೇಳಿಸಲಿಲ್ಲ. ಅವನು ತಿರುಗಿ ನನ್ನ ಕಡೆ ನೋಡಿದ. ಪೆಂಡಾಲಿನಲ್ಲಿ ನೋಡುವಂತೆಯೇ ನೋಡಿದ.

“ಹೆಂಗೈತೆ ಪುಟ್ಟಿ?”

ಅಣ್ಣನ ಚೀಟಿ ನನ್ನ ಎಡಗೈಯ ಬೆವರಿಗೆ ಒದ್ದೆಯಾಗಿತ್ತು. ನಾನು ಬಲಗೈ ಎತ್ತಿದೆ.

ಬರುವಾಗ ಹೊಳಲ್ಕೆರೆಯಲ್ಲಿ ಬಸ್ಸು ನಿಂತಾಗ ಅಪ್ಪ ಮಂಡಕ್ಕಿ, ಮೆಣಸಿನಕಾಯಿ ಕೊಡಿಸಿದ. ಪೆಟ್ಟಿಗೆ ಅವನ ತೊಡೆಯ ಮೇಲೆಯೇ ಇತ್ತು, ಕೆಳಗಿಡಲು ಒಪ್ಪಲಿಲ್ಲ. “ನೀನಿಲ್ದಿದ್ರೆ ಆ ಅಂಗಡಿಯೋನು ನಂಗೆ ಆ ಪೀಪಿಗಳ್ನ ಕಟ್ಟಿ ಕಳಿಸ್ತಿದ್ದ” ಎಂದು ಕಿಟಕಿಯಾಚೆಯವರಿಗೂ ಕೇಳುವಂತೆ ಹೇಳಿದ. ನಾನು ಖಾರಕ್ಕೆ ಕಣ್ಣಲ್ಲಿ ನೀರು ಬಂತು ಎಂದು ಹೇಳಿ ಒರೆಸಿಕೊಂಡೆ.

ಮನೆಯಲ್ಲಿ ಅಪ್ಪನೇ ಪೆಟ್ಟಿಗೆ ಬಿಚ್ಚಿ, ವೈರು ಸಿಕ್ಕಿಸಿ, ಊದುಬತ್ತಿ ಬೆಳಗಿದ. ಅಣ್ಣ ಪರೀಕ್ಷೆ ಮುಗಿಸಿ ಬಂದವನು ನೀಲಿ ದೀಪ ನೋಡಿದ ಕೂಡಲೇ ನನ್ನ ಕಡೆ ತಿರುಗಿದ. ಆಟ ಹಚ್ಚಿದರೆ ಬಂದೂಕು, ಕಾರು, ಮನುಷ್ಯರ ಕೂಗು ಎಲ್ಲ ಒಂದೇ ಡೊಗಡೊಗ. ಸಿನಿಮಾ ಹಾಕಿದರೆ ನಾಯಕ, ಖಳನಾಯಕ ಇಬ್ಬರಿಗೂ ನೆಗಡಿ. ಅಮ್ಮ ಒಂದು ಹಾಡು ಪೂರ್ತಿ ಕೇಳಿ, ಸೆರಗಿನಿಂದ ಕೈ ಒರೆಸಿಕೊಂಡು ಹೇಳಿದಳು.

“ಹಾಡೋಳು ಕೊಡದೊಳಗೆ ಕುಂತಂಗೈತೆ.”

ಅಪ್ಪ ಡಬ್ಬದ ಮೇಲೆ ಅಂಗೈ ಇಟ್ಟುಕೊಂಡು ಕಣ್ಣು ಮುಚ್ಚಿ ತಲೆದೂಗುತ್ತಿದ್ದ. ಅಷ್ಟು ಸುಖವಾಗಿ ಅವನು ಕೂತದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

“ಯಾರು ಆರಿಸಿದ್ದು ಇದನ್ನ?” ಎಂದು, ಅಪ್ಪ ಕಣ್ಣು ತೆರೆದ ಹೊತ್ತಿಗೆ ಅಣ್ಣ ಕೇಳಿದ.

“ನಾನು” ಎಂದೆ.

“ಅವ್ಳೇ ಕಣಲೇ. ಅವ್ಳ ಕಿವಿ ಮ್ಯಾಲೆ ನಂಗೆ ನಂಬ್ಕೆ” ಎಂದ ಅಪ್ಪ. ಅಣ್ಣನ ಪ್ರಶ್ನೆ ಅವನಿಗೆ ಹೇಗೆ ತಿಳಿಯಿತೆಂದರೆ, ತುಟಿ ನೋಡಿ. ಅದೂ ನನಗೆ ಅಂದೇ ಗೊತ್ತಾದದ್ದು.

ಅಣ್ಣ ಇಪ್ಪತ್ತು ದಿನ ನನ್ನ ಜೊತೆ ಮಾತು ಬಿಟ್ಟ. ನಮ್ಮ ಮನೆಯ ಮಟ್ಟಿಗೆ ಅದು ದೊಡ್ಡ ಸಾಧನೆ. ಆಮೇಲೊಂದು ಭಾನುವಾರ ಅಪ್ಪ ಕೆಲಸಕ್ಕೆ ಹೋಗಿದ್ದಾಗ ಅವನು ಸ್ಕ್ರೂಡ್ರೈವರ್ ಹಿಡಿದು ವೂಫರನ್ನು ಮಗುಚಿ ಬಿಚ್ಚಿದ. ಒಳಗಿದ್ದ ಸ್ಪೀಕರು ಲೋಟದ ಬಾಯಿಯಷ್ಟು, ಅದರ ಅಯಸ್ಕಾಂತ ಒಂದು ನಿಪ್ಪಟ್ಟಿನಷ್ಟು. ತಳಕ್ಕೆ ಅಂಗೈಯಗಲದ ಕಬ್ಬಿಣದ ತುಂಡೊಂದನ್ನು ಗೋಂದು ಬಳಿದು ಅಂಟಿಸಿದ್ದರು. ತೂಕ ನೋಡಿ ಆರಿಸುವವರೂ ಇದ್ದಾರೆ ಎಂದು ಆ ಕಂಪನಿಯವರಿಗೆ ಗೊತ್ತಿತ್ತು. ಅಣ್ಣ ಆ ತುಂಡನ್ನು ಕಿತ್ತು ಕೈಯಲ್ಲಿ ಹಿಡಿದು ಅಡುಗೆಮನೆಗೆ ಬಂದ. ಅಮ್ಮ ನನಗೆ ಬಡಿಸುತ್ತಿದ್ದಳು.

“ನೋಡಮ್ಮ, ಕಬ್ಬಿಣ ತಂದವ್ರೆ. ಸಂಜೆಗೆ ಅಪ್ಪಾಜಿ ಮುಂದೆ ಇಡ್ತೀನಿ. ಮೈಕಿನೋರಂತೆ ಮೈಕಿನೋರು. ಇವ್ಳಿಗೆ ಚೀಟಿ ಬರ್ಕೊಟ್ಟೆ, ಕಿವುಡನ ಮುಂದೆ ಕಿನ್ನರಿ ಬಾರಿಸ್ದಂಗೆ ಆಯ್ತು.”

ಗಾದೆ ಅವನ ಬಾಯಿಂದ ಬಿದ್ದದ್ದೇ ಅಮ್ಮನ ಕೈ ಸಾರಿನ ಪಾತ್ರೆಯ ಮೇಲೆ ನಿಂತಿತು. ನಾನು ಅಳಲು ಶುರುಮಾಡಿದೆ. ಅಂಗಡಿಯಲ್ಲಿ ನಡೆದದ್ದು, ಕೊಳಲು, ‘ಹಾಕಪ್ಪ’ ಎಂದದ್ದು, ಎಲ್ಲ ಹೇಳಿದೆ. ಜೀವನದಲ್ಲಿ ಮೊದಲ ಸಲ ನಮ್ಮ ಮನೆಯಲ್ಲಿ ನಾವು ಪಿಸುಮಾತು ಆಡಿದ್ದು ಅಂದು. ಮನೆಯಲ್ಲಿ ಅಪ್ಪ ಇಲ್ಲದಿದ್ದರೂ ಪಿಸುಗುಟ್ಟಿದೆವು. ಅಣ್ಣ ಕಬ್ಬಿಣದ ತುಂಡನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತುಬಿಟ್ಟ. ಅಮ್ಮ ಸೌಟು ಕೆಳಗಿಟ್ಟಳು.

“ನಂಗೆ ಗೊತ್ತಿಲ್ದೇನು? ಎಂಟು ವರ್ಷ ಆಯ್ತು. ನಾನು ನಿಮಗೆ ಹೇಳಿಲ್ಲ, ನೀವೂ ಯಾರಿಗೂ ಹೇಳ್ಬ್ಯಾಡ್ರಿ. ನಮಗೆ ಗೊತ್ತೈತೆ ಅಂತ ಅವ್ರಿಗೆ ಗೊತ್ತಾಗೋದು ಬ್ಯಾಡ. ಆ ಕಬ್ಬಿಣ ಎಲ್ಲಿತ್ತೋ ಅಲ್ಲೇ ಅಂಟ್ಸು ಮಂಜ. ತೂಕ ಕಮ್ಮಿಯಾದ್ರೆ ಅವ್ರಿಗೆ ತಿಳೀತದೆ.”

ಅಣ್ಣ ಗೋಂದು ಹಚ್ಚಿ ಅಂಟಿಸಿದ. ಆಮೇಲೆ ಆಟ ಆಡುವಾಗ ಅವನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಿದ್ದ. ಅಪ್ಪ ಕೇಳಿದರೆ, “ನಿಮ್ಮ ಸ್ಪೀಕರ್ ಸೌಂಡಿಗೆ ಓದೋಕಾಗಲ್ಲ ಅಂತಾಳೆ ಇವ್ಳು” ಎಂದು ನನ್ನ ಮೇಲೆ ಹಾಕುತ್ತಿದ್ದ. ಅಪ್ಪನಿಗೆ ಅದು ಹೆಮ್ಮೆಯ ಮಾತು. ಆ ಗಾದೆಯನ್ನು ನಮ್ಮ ಮನೆಯಲ್ಲಿ ಮತ್ತೆ ಯಾರೂ ಆಡಲಿಲ್ಲ. ನಾನು ಡಿಗ್ರಿ ಮುಗಿಸುವವರೆಗೆ ಪೆಂಡಾಲುಗಳ ಹಿಂದೆ ನಿಂತೆ. ಜ್ವರ ಬಂದ ದಿನವೂ ನಿಂತೆ. ಮೊದಲು ಹೆಮ್ಮೆಯಿಂದ ನಿಲ್ಲುತ್ತಿದ್ದೆ, ಆಮೇಲೆ ಹೆದರಿಕೆಯಿಂದ. ನಾನು ಒಂದು ಕ್ಷಣ ಮೈಮರೆತರೆ ಅಪ್ಪನ ಬಂಡವಾಳ ಬಯಲಾಗುತ್ತದೆ ಎಂಬ ಹೆದರಿಕೆ. ಮೈಮರೆತು ಏನನ್ನಾದರೂ ಕೇಳುವುದು ನನಗೆ ಆಗಲೇ ತಪ್ಪಿಹೋಯಿತು. ಇಂದಿಗೂ ಯಾರಾದರೂ ಒಂದು ಹಾಡು ಹಾಕಿದರೆ ನಾನು ಹಾಡು ಕೇಳುವುದಿಲ್ಲ, ಪದಗಳು ತಿಳಿಯುತ್ತಿವೆಯೇ ಎಂದು ನೋಡುತ್ತೇನೆ. ಮದುವೆ ಯಾಕಾಗಲಿಲ್ಲ ಎಂದು ಕೇಳುವವರಿಗೆ, ಸಾಕಷ್ಟು ಮದುವೆ ಕೇಳಿದ್ದೇನೆ ಎನ್ನುತ್ತೇನೆ. ಅವರು ತಮಾಷೆ ಎಂದುಕೊಳ್ಳುತ್ತಾರೆ.

ಆಮೇಲೆ ಡಿಜೆಗಳು ಬಂದವು, ಹಾರ್ನುಗಳು ಗುಜರಿಗೆ ಹೋದವು. ಅಣ್ಣ ಹಿರಿಯೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟ. ಅಪ್ಪ, ಅಮ್ಮ ಚಿತ್ರದುರ್ಗದಲ್ಲಿ ನನ್ನ ಜೊತೆಗಿದ್ದಾರೆ. ಸಾಮಾನಿನ ಜೊತೆ ನೀಲಿ ದೀಪದ ಆ ಸ್ಪೀಕರೂ ಬಂತು. ಸಾಯುವ ಜಾತಿಯಲ್ಲ ಅದು. ಈಗ ಟಿವಿಗೆ ಸಿಕ್ಕಿಸಿದ್ದೇವೆ. ಅಪ್ಪ ದಿನಾ ಸಂಜೆ ಚಹಾ ಕುಡಿದು, ಬೆಕ್ಕಿನ ಬೆನ್ನ ಮೇಲೆ ಕೈ ಇಡುವಂತೆ ಅದರ ಮೇಲೆ ಕೈ ಇಟ್ಟು ಹಾಡು ಹಾಕಿಕೊಳ್ಳುತ್ತಾನೆ. ಮೊನ್ನೆ ಮೊನ್ನೆಯವರೆಗೂ ನಾವು ಮೂವರೂ ಆ ಗಡಗಡವನ್ನು ಸಂಗೀತವೆಂದು ಒಪ್ಪಿಕೊಂಡೇ ಬದುಕಿದ್ದೆವು. ಈ ವರ್ಷ ಅಪ್ಪನೇ ಒಂದು ದಿನ, “ಕಿವಿ ಮಿಷಿನ್ನು ಹಾಕ್ಸಾಣ ಕಣವ್ವ, ಸಾಕಾಯ್ತು” ಎಂದ. ಆಸ್ಪತ್ರೆಗೆ ಹೋಗಿ ಕಿವಿಯ ಅಳತೆ ಕೊಟ್ಟೆವು. ಮೂರು ವಾರ ಬಿಟ್ಟು ಬನ್ನಿ ಎಂದರು. ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ನನಗೆ ಒಂದೇ ಯೋಚನೆ. ಅಪ್ಪನಿಗೆ ಕಿವಿ ಬರುವುದರೊಳಗೆ ಆ ಸ್ಪೀಕರ್ ಮನೆಯಿಂದ ಹೋಗಬೇಕು.

ಮೂರು ವಾರ ಫೋನಿನಲ್ಲಿ ಸ್ಪೀಕರ್ ಹುಡುಕಿದೆ. ಕಡಿಮೆ ಬೆಲೆಯವೇ ನೂರಾರು ಇವೆ. ಆಟಕ್ಕೆ ಒಂದು, ಸಿನಿಮಾಕ್ಕೆ ಒಂದು, ಹಾಡಿಗೆ ಒಂದು, ಮೂರಕ್ಕೂ ಆಗುತ್ತದೆ ಎನ್ನುವ ಇನ್ನೊಂದು. ಒಂದಕ್ಕೆ ಒಬ್ಬ ‘ಸೂಪರ್’ ಎಂದು ಬರೆದರೆ ಅದರ ಕೆಳಗೇ ಇನ್ನೊಬ್ಬ ‘ದಂಡ’ ಎಂದು ಬರೆದಿರುತ್ತಾನೆ. ಓದಿ ಓದಿ ಕಣ್ಣು ಬತ್ತಿದವು. ಕೊನೆಗೆ ಅಣ್ಣನಿಗೆ ಫೋನ್ ಮಾಡಿ, ಯಾವುದು ತರಲಿ ಎಂದೆ.

“ಅವತ್ತು ಚೀಟಿ ಬರ್ಕೊಟ್ಟಿದ್ನಲ್ಲ, ತಂದ್ಯಾ?” ಎಂದು ನಕ್ಕ. ಆಮೇಲೆ, “ನಿಂಗೆ ಹೆಂಗೆ ಕೇಳಿದ್ರೆ ಇಷ್ಟ, ಅದು ಹೇಳು. ನಾನು ಕಳಿಸ್ತೀನಿ” ಎಂದ.

ನಾನು ಬಹಳ ಹೊತ್ತು ಯೋಚಿಸಿದೆ. ನಲವತ್ತರ ಹತ್ತಿರ ಬಂದು, ಒಂದು ಹಾಡು ಹೇಗಿದ್ದರೆ ನನಗೆ ಇಷ್ಟ ಎಂದು ಹೇಳಲಾಗದೆ, ನೀನೇ ಯಾವುದಾದರೂ ಕಳಿಸು ಎಂದೆ. ಸೋಮವಾರದ ಬಸ್ಸಿಗೆ ಹಾಕುತ್ತೇನೆ ಎಂದ. ಆಸ್ಪತ್ರೆಯವರು ಶನಿವಾರವೇ ಫೋನ್ ಮಾಡಿದರು.

ಮಿಷಿನ್ನು ಹಾಕಿಸಿಕೊಂಡ ಅಪ್ಪ ಆಟೋದಲ್ಲಿ ರಸ್ತೆಯ ಒಂದೊಂದು ಸದ್ದಿಗೂ ತಿರುಗಿ ನೋಡಿದ. ಮನೆಗೆ ಬಂದು ಚಪ್ಪಲಿ ಬಿಡುವಾಗ ಚಪ್ಪಲಿಯ ಸದ್ದಿಗೇ ಬೆಚ್ಚಿದ. ಅಮ್ಮ ಅಭ್ಯಾಸಬಲದಿಂದ ಕೂಗಿದಾಗ, “ಯಾಕೆ ಕಿರುಚ್ತೀಯ?” ಎಂದ. ಅಮ್ಮ ಬಾಯಿಗೆ ಸೆರಗು ಹಿಡಿದು ಒಳಗೆ ಹೋದಳು. ನಗುತ್ತಿದ್ದಳೋ ಅಳುತ್ತಿದ್ದಳೋ ನಾನು ನೋಡಲು ಹೋಗಲಿಲ್ಲ. ಇವತ್ತು ಮಲಗಿ, ನಾಳೆ ಕೇಳಬಹುದು ಎಂದು ನಾನು ಹೇಳುತ್ತಿರುವಾಗಲೇ ಅಪ್ಪ ಹೋಗಿ ಸ್ಪೀಕರಿನ ಪಕ್ಕ ಕೂತು, ಹಾಡು ಹಾಕಿ, ಅಂಗೈ ಇಟ್ಟ. ಹಾಡು ಶುರುವಾಯಿತು. ಅಪ್ಪ ಅಂಗೈ ತೆಗೆದ. ಹಾಡು ಮುಗಿಯುವವರೆಗೆ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೇಳಿದ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, ನನಗೆ ಗುರುತೇ ಇರದ ದನಿಯಲ್ಲಿ ಕೇಳಿದ.

“ಪುಟ್ಟಿ, ಇದೇನವ್ವ, ತಗಡು ಬಡಿದಂಗೈತಲ್ಲ. ಯಾವಾಗಿಂದ ಹಿಂಗೆ?”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

“ಇವತ್ತು ಬೆಳಿಗ್ಗೆಯಿಂದ ಅಪ್ಪಾಜಿ” ಎಂದೆ.

ಅಪ್ಪ ನನ್ನನ್ನು ನೋಡುತ್ತಲೇ ಇದ್ದ. ಆ ಅಂಗಡಿ, ಆ ಪೆಂಡಾಲುಗಳು, ಎಷ್ಟು ವರ್ಷಗಳೋ, ಅವನು ಲೆಕ್ಕ ಹಾಕುತ್ತಿರುವುದು ನನಗೆ ಕಾಣಿಸುತ್ತಿತ್ತು.

“ಹೌದೌದು. ನಿನ್ನೆ ತನ್ಕ ಚೆನ್ನಾಗಿತ್ತು” ಎಂದ.

ಮೊಣಕಾಲಿಗೆ ಕೈ ಊರಿ ಎದ್ದು ನನ್ನನ್ನು ತನ್ನ ಜಾಗದಲ್ಲಿ ಕೂರಿಸಿದ. ತಾನು ಮೆಲ್ಲಗೆ ನಡೆದು ಹೋಗಿ ಬಾಗಿಲ ಬಳಿ, ಕೋಣೆಯ ಕೊನೆಯಲ್ಲಿ ನಿಂತ. ಇನ್ನೊಂದು ಸಲ ಹಾಕು ಎಂದ. ನಾನು ಹಾಕಿದೆ. ಡಬ್ಬ ಗಡಗಡ ನಡುಗಿತು, ಹಾಡುವವಳು ಕೊಡದೊಳಗಿಂದ ಕೂಗಿಕೊಂಡಳು. ಅಪ್ಪ ತಲೆ ಸ್ವಲ್ಪ ವಾಲಿಸಿ, ಪದ ಪದವನ್ನೂ ಕೇಳಿ, ನನ್ನನ್ನೇ ನೋಡುತ್ತ ಬಲಗೈ ಎತ್ತಿದ.